ಗೇಣಿಲೆಕ್ಕದ ಪುಸ್ತಕಕ್ಕೆ ಸಿಕ್ಕಿದ ಫೆಲೋಶಿಪ್: ನನ್ನ ಅನುಭವ

ಪಿಎಚ್‌ಡಿ ಇಲ್ಲ, ಕಾಲೇಜಿನ ಮೊಹರಿಲ್ಲ, ಕಾಸರಗೋಡಿನ ಹಳೇ ಗೇಣಿಲೆಕ್ಕಕ್ಕೆ ದಿಲ್ಲಿಯವರು ದುಡ್ಡು ಕೊಡುತ್ತಾರೆಯೇ ಎಂದು ನಕ್ಕವರು ಬೇಕಾದಷ್ಟು ಮಂದಿ. ಕೊಟ್ಟರು. ಎರಡು ವರ್ಷದ ಕೆಲಸ ಮುಗಿದು ಕೊನೆಯ ಕಂತೂ ಖಾತೆಗೆ ಬಿತ್ತು.

ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಬಾಗಿಲು ಕಡಿಮೆ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ (ಐಸಿಎಚ್‌ಆರ್) ಜೂನಿಯರ್ ಫೆಲೋಶಿಪ್ ಪಿಎಚ್‌ಡಿ ನೋಂದಣಿ ಆದವರಿಗೆ. ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ ಒಳ್ಳೆಯದೇ, ಆದರೆ ಅಲ್ಲೇ ಹೋಗಿ ಕೂರಬೇಕು. ಆಕರವೆಲ್ಲ ಬದಿಯಡ್ಕ, ಮುಳ್ಳೇರಿಯದ ಅಟ್ಟಗಳಲ್ಲಿ ಇರುವವನಿಗೆ ಅದರಿಂದ ಏನು ಸುಖ? ಉಳಿದದ್ದು ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್. 40 ದಾಟಿದವರಿಗೆ ಸೀನಿಯರ್, ತಿಂಗಳಿಗೆ 20,000 ರೂಪಾಯಿ. ಅದಕ್ಕಿಂತ ಚಿಕ್ಕವರಿಗೆ ಜೂನಿಯರ್, 10,000. ಎರಡು ವರ್ಷ, ಆರಾರು ತಿಂಗಳಿಗೊಂದು ಕಂತು.

ಮೊದಮೊದಲು ಹೋದ ಅರ್ಜಿಗಳು ಬಿದ್ದುಹೋದವು. ಗಡಿನಾಡ ಸಂಸ್ಕೃತಿ, ಭಾಷಾ ಸಾಮರಸ್ಯ, ಅನನ್ಯತೆ ಎಂಬ ಜಾತಿಯ ಶೀರ್ಷಿಕೆಗಳು. ಓದುವವನಿಗೆ ಎರಡು ವರ್ಷದ ಕೊನೆಗೆ ಕೈಗೆ ಏನು ಬರುತ್ತದೆ ಎಂಬುದೇ ಕಾಣುವುದಿಲ್ಲ. ಗೆದ್ದ ಅರ್ಜಿಯಲ್ಲಿ ಸಿದ್ಧಾಂತ ಅರ್ಧ ಪುಟವೂ ಇರಲಿಲ್ಲ. ಇದ್ದದ್ದು ದಾಸ್ತಾನು ಪಟ್ಟಿ: ಕುಂಬಳೆಯಿಂದ ಚಂದ್ರಗಿರಿ ಹೊಳೆಯವರೆಗಿನ ಏಳೆಂಟು ತರವಾಡು (ಕುಟುಂಬದ ಮೂಲ) ಮನೆಗಳ ಲೆಕ್ಕದ ಪುಸ್ತಕ, ಹೆಚ್ಚುಕಡಿಮೆ 5,000 ಪುಟ, ಯಾವ ಮನೆಯಲ್ಲಿ ಎಷ್ಟು, ಎಷ್ಟು ಹುಳ ತಿಂದಿದೆ, ಯಾವ ಲಿಪಿ. ಜೊತೆಗೆ ನಾಲ್ಕು ಪುಟದ ಫೋಟೋ ಮತ್ತು ಅವುಗಳ ಪೂರ್ತಿ ಲಿಪ್ಯಂತರ. ಅರ್ಜಿಯ ಮೊದಲ ವಾಕ್ಯ ಹೇಗಿತ್ತು ಎಂದು ಕೇಳಬೇಡಿ, ಅದು ಇನ್ನೊಂದು ಅರ್ಜಿಗೆ ಬೇಕು.

ಕಾಲದ ಲೆಕ್ಕ ಹಾಕುವ ಮೊದಲು ಕೈಯ ವೇಗ ಅಳೆಯಬೇಕು. ಫೋಟೋ ದಿನಕ್ಕೆ 200 ಪುಟ ಸಲೀಸು. ಲಿಪ್ಯಂತರ ಮಾತ್ರ 12, ಕೈಬರಹ ಒಳ್ಳೆಯದಿದ್ದರೆ 15. ತುಳುನಾಡಿನ ಹಳೇ ಲಿಪಿ ತಿಗಳಾರಿಯ ಓಲೆಗರಿಯಾದರೆ ನಾಲ್ಕೈದು ಗರಿಗೇ ಸಂಜೆ. ಹೀಗೆ 5,000 ಪುಟವನ್ನೂ ಬರೆದಿಡುತ್ತೇನೆ ಎಂದರೆ ಅದು ಹಸೀ ಸುಳ್ಳು ಎಂದು ಪರಿಶೀಲಕರಿಗೆ ತಿಳಿಯುತ್ತದೆ. 1,500 ಪುಟ ಪೂರ್ತಿ, ಉಳಿದದ್ದರಿಂದ ಒಕ್ಕಲಿನ (ಗೇಣಿದಾರನ) ಹೆಸರು, ಭೂಮಿ, ಗೇಣಿ, ಬಾಕಿ ಇಷ್ಟೇ ಕೋಷ್ಟಕಕ್ಕೆ ಎಂದು ಬರೆದದ್ದು ನಿಂತಿತು.

ವೇಳಾಪಟ್ಟಿ ಜನವರಿಯಿಂದ ಡಿಸೆಂಬರ್ ಎಂದು ಹಾಕಿದರೆ ನಮ್ಮ ಕಡೆ ಕೆಲಸ ಕೆಡುತ್ತದೆ. ಮೇ ಕೊನೆಯ ಪತ್ತನಾಜೆಯಿಂದ ದೀಪಾವಳಿವರೆಗೆ ಪೆಟ್ಟಿಗೆ ತೆರೆಯುವುದೇ ಬೇಡ. ಆಟಿ ತಿಂಗಳ ಮಳೆಯ ತೇವದಲ್ಲಿ ಪುಟ ಒಂದಕ್ಕೊಂದು ಅಂಟಿರುತ್ತದೆ, ಬಿಡಿಸಿದರೆ ಶಾಯಿಯೂ ಕಿತ್ತು ಬರುತ್ತದೆ. ಮನೆಯ ದೈವದ ಕೋಲದ ದಿನಗಳಲ್ಲಿ ಹೋದರೆ ಮುಂಬೈ, ಗಲ್ಫಿನಲ್ಲಿರುವ ಪಾಲುದಾರರೆಲ್ಲ ಒಟ್ಟಿಗೆ ಸಿಗುತ್ತಾರೆ, ಒಪ್ಪಿಗೆ ಪತ್ರಕ್ಕೆ ಒಂದೇ ದಿನದಲ್ಲಿ ಎಲ್ಲರ ಸಹಿ. ಯಜಮಾನರೊಬ್ಬರ ಸಹಿ ಸಾಕೆಂದು ಬಿಟ್ಟ ಕಡೆ ಆಮೇಲೆ ತಮ್ಮನ ಮಕ್ಕಳು ತಕರಾರು ತೆಗೆಯುತ್ತಾರೆ. ದೈವದ ಭಂಡಾರದ (ಒಡವೆ, ಆಯುಧಗಳ) ಜೊತೆ ಇಟ್ಟ ಪುಸ್ತಕವನ್ನು ಹೊರಗೆ ತರಿಸುವ ಉಪಾಯವೊಂದಿದೆ, ಅದನ್ನು ಬರೆದರೆ ಆ ಮನೆಯವರಿಗೆ ಸರಿಕಾಣದು.

ಓದಿದ್ದು ಸರಿಯೋ ತಪ್ಪೋ ಎಂದು ಪುಸ್ತಕವೇ ಹೇಳುತ್ತದೆ. ಗೇಣಿಯ ಅಕ್ಕಿ ಅಳೆಯುವುದು 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂದು. ಆದ್ದರಿಂದ ಕಳಸೆಯ ಸ್ಥಾನದಲ್ಲಿ 3, ಸೇರಿನ ಸ್ಥಾನದಲ್ಲಿ 14 ಅಥವಾ ಹೆಚ್ಚು ಕಂಡರೆ ಅಂಕಿ ಓದಿದ್ದರಲ್ಲೇ ಎಡವಟ್ಟು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ; ಆದ್ದರಿಂದ ಆಣೆಯಲ್ಲಿ 16, ಪೈಯಲ್ಲಿ 12 ಬಂದರೂ ಹಾಗೆಯೇ. ಕೋಷ್ಟಕದಲ್ಲಿ ಈ ನಾಲ್ಕು ಷರತ್ತು ಹಾಕಿ ತಪ್ಪಿದ ಕೋಶ ಕೆಂಪಾಗುವಂತೆ ಮಾಡಿದೆ. ಮೊದಲ ಆರು ತಿಂಗಳ ವರದಿಗೆ ಈ ಕೆಂಪು ಕೋಶಗಳ ಒಂದು ಪುಟವನ್ನೂ ಲಗತ್ತಿಸಿದ್ದೆ. ವರದಿ ಒಂದು ಪ್ರಶ್ನೆಯೂ ಇಲ್ಲದೆ ಪಾಸಾಯಿತು.

ಕಾಲನಿರ್ಣಯ ಇದಕ್ಕಿಂತ ತಲೆನೋವು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ; ಬರೀ ‘ವಿಕಾರಿ ಸಂವತ್ಸರ’ ಎಂದಿದ್ದರೆ ಅದು 1899–1900 ಆಗಬಹುದು, 1959–60 ಕೂಡ. ನಯಾ ಪೈಸೆ ಕಂಡರೆ 1957ರ ಏಪ್ರಿಲಿನ ಆಚೆಯದ್ದು ಎಂದು ನಿಶ್ಚಯ. ಆಣೆ ಕಂಡ ಮಾತ್ರಕ್ಕೆ ಹಳೆಯದೆನ್ನಲಾಗದು, ಆಣೆಯ ಲೆಕ್ಕ ಕೆಲವರು ಆಮೇಲೂ ಬಿಡಲಿಲ್ಲ. ಒಕ್ಕಲಿನ ಹೆಸರನ್ನು ಹಿಂದಿನ ಮುಂದಿನ ಪುಸ್ತಕಗಳಲ್ಲಿ ಹಿಡಿದುಕೊಂಡೇ ಹೋಗಬೇಕು. ಚಂದ್ರಗಿರಿಯ ತೆಂಕು ಭಾಗದ ಕಾಗದಗಳಲ್ಲಿ ಕೇರಳದ ಕೊಲ್ಲಂ ವರ್ಷ ಬರುತ್ತದೆ. ಉತ್ತರ ಮಲಬಾರಿನಲ್ಲಿ ಅದು ಶುರುವಾಗುವುದು ಸಿಂಹ ಮಾಸಕ್ಕಲ್ಲ, ಅದರ ಮುಂದಿನ ಕನ್ಯಾ ಮಾಸಕ್ಕೆ. ಹಾಗಾಗಿ 1075ರ ಸಿಂಹ ಮಾಸ ತೆಂಕಣ ಲೆಕ್ಕದಲ್ಲಿ 1899ರ ಆಗಸ್ಟ್, ಇಲ್ಲಿನ ಲೆಕ್ಕದಲ್ಲಿ 1900ರದ್ದು. ಕೈಪಿಡಿ ನೋಡಿ ಸಿಂಹಕ್ಕೆ 824 ಕೂಡಿಸಿದರೆ ಸಾಕು ಎನ್ನುವವರು ಇಲ್ಲೇ ಮುಗ್ಗರಿಸುವುದು.

ನಡುವೆ ಓಲೆಗರಿಯ ಮೇಲೊಂದು ಪ್ರಯೋಗ, ಯೋಜನೆಯಲ್ಲಿ ಇರದಿದ್ದದ್ದು. ಮಸಿ ತುಂಬದ ಗರಿಗೆ ಮಸಿ ಹಚ್ಚಲು ಮನೆಯವರು ಬಿಡಲಿಲ್ಲ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಗರಿಯ ಮಟ್ಟಕ್ಕೇ ಇಳಿಸಿ ಅಡ್ಡಕ್ಕೆ ಬೆಳಕು ಬಿಟ್ಟರೆ ಕಂಟದ (ಗರಿಯಲ್ಲಿ ಬರೆಯುವ ಕಬ್ಬಿಣದ ಮೊನೆಯ) ಗೀರು ನೆರಳಾಗಿ ಎದ್ದು ಬರುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಎರಡು ಫೋಟೋ ಬೇಕು. ಒಂದರಲ್ಲಿ ನುಂಗಿಹೋದ ಕೊಂಬು ಇನ್ನೊಂದರಲ್ಲಿ ಸಿಗುತ್ತದೆ.

ಇನ್ನು ದುಡ್ಡು. ಒಟ್ಟು 4,80,000 ಕೇಳಲು ದೊಡ್ಡದು. ಓಡಾಟಕ್ಕೆ 80 ಸಾವಿರದ ಹತ್ತಿರ, ತಿಗಳಾರಿ ಓದಿಕೊಟ್ಟವರಿಗೆ 60 ಸಾವಿರ, ಹಾರ್ಡ್ ಡಿಸ್ಕ್, ದೀಪ, ಸ್ಟ್ಯಾಂಡ್ ಸೇರಿ 35 ಸಾವಿರ. ಮದ್ರಾಸ್ ಪ್ರಾಂತದ ಕಾಲದ ಕಡತಕ್ಕೆ ಚೆನ್ನೈನ ಎಗ್ಮೋರಿನ ದಾಖಲಾಗಾರಕ್ಕೆ ಹೋಗಿ ತಂಗಿದ್ದಕ್ಕೆ ಇನ್ನೊಂದು 40 ಸಾವಿರ. ಮಿಕ್ಕದ್ದರಲ್ಲಿ ಮನೆ ನಡೆಯಬೇಕು. ಕಂತು ವರದಿಯ ಹಿಂದೆ ಬರುವುದರಿಂದ ಆರೇಳು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಬೇಕು. ಅಡಿಕೆ ಮಾರಿದ ಹಣ ಇಲ್ಲದಿದ್ದರೆ ಎರಡನೇ ಕಂತಿನ ಹೊತ್ತಿಗೆ ಕೆಲಸ ನಿಲ್ಲುತ್ತಿತ್ತು.

ಮನೆಯವರಿಗೆ ಪ್ರತಿ ಕೊಡುವಾಗ ಪೆನ್‌ಡ್ರೈವ್ ಸಾಲದು, ಅದು ತಿಂಗಳೊಳಗೆ ಮದುವೆಯ ಹಾಡು ತುಂಬಿಕೊಂಡು ಕೂತಿರುತ್ತದೆ. ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿ ಕೊಡಬೇಕು. ಪುಸ್ತಕವೊಂದಕ್ಕೆ 600–700 ರೂಪಾಯಿ ಆದೀತು; ಅದನ್ನು ಮೊದಲ ಬಜೆಟ್ಟಿನಲ್ಲೇ ಬರೆದಿಡಿ.