ಯೇಸುವಿನ ಜೊತೆ ಮಾತಾಡುವ ಹಾಡನ್ನು ಸಭೆಯಲ್ಲಿ ನಡೆಸುವುದು ಹೇಗೆ?

ನಿಧಾನದ ಹಾಡು, ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, chord), ಇನ್ನೇನು ಕಷ್ಟ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಜೋರಾದ ಸ್ತುತಿಗೀತೆಗಿಂತ ಇದೇ ಕಷ್ಟ. ಅಲ್ಲಿ ಡ್ರಮ್ಸ್ ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ಮಾತನ್ನು ತಾವೇ ಯೇಸುವಿಗೆ ಹೇಳಬೇಕು. ಅದಕ್ಕೆ ಜಾಗ ಬಿಡುವುದೇ ನಡೆಸುವವರ ಕೆಲಸ.

ಮೊದಲು ಸ್ಕೇಲ್, ಅಂದರೆ ಹಾಡಿನ ಶ್ರುತಿ ನೋಡಿ. ರೆಕಾರ್ಡಿಂಗ್‌ನಲ್ಲಿರುವ ಸ್ಕೇಲ್ ಆ ಗಾಯಕರ ಗಂಟಲಿಗೆ ಹೊಂದುವಂಥದ್ದು. ನಾನು ಪಲ್ಲವಿಯ ಮೇಲಿನ ಸ್ವರ ಡಿ ದಾಟದಂತೆ ನೋಡಿಕೊಳ್ಳುತ್ತೇನೆ. ಜಿ ಸ್ಕೇಲ್‌ನ ಹಾಡು ಮೇಲಿನ ಇ ಮುಟ್ಟುತ್ತಿದ್ದರೆ, ಇ ಸ್ಕೇಲ್‌ಗೆ ಇಳಿಸಿ. ಆ ಜಾಗ ಸಿ ಶಾರ್ಪ್ ಆಗುತ್ತದೆ. ಗಿಟಾರ್‌ನವರು 2ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಡಿ ಸ್ಕೇಲ್‌ನ ಕಾರ್ಡ್‌ಗಳನ್ನೇ ನುಡಿಸಬಹುದು. ಚರಣ ತೀರಾ ಕೆಳಗೆ ಹೋಗುತ್ತದೆಯೇ ಅಂತಲೂ ಒಮ್ಮೆ ಹಾಡಿ ನೋಡಿ.

ವೇಗ ನಿಮಿಷಕ್ಕೆ 65–70 ಬೀಟ್ ಇದ್ದರೆ ಸಾಕು. ಇನ್ನೂ ಎಳೆದರೆ ಭಕ್ತಿಯೇನೂ ಜಾಸ್ತಿಯಾಗುವುದಿಲ್ಲ, ಉಸಿರು ಸಾಲದೆ ಸಾಲು ತುಂಡಾಗುತ್ತದೆ ಅಷ್ಟೆ.

ಹಾಡಿಗೆ ಮುಂಚೆ ಭಾಷಣ ಬೇಡ. ಬೈಬಲ್‌ನ ಕೀರ್ತನೆ 23ರ ಮೊದಲ ನಾಲ್ಕು ವಚನ ಓದಿ. ಶುರುವಿನಲ್ಲಿ ದಾವೀದ ತನ್ನ ಕುರುಬನ ಬಗ್ಗೆ ಹೇಳುತ್ತಾನೆ. 4ನೇ ವಚನದಲ್ಲಿ ಕತ್ತಲ ಕಣಿವೆ ಬಂತು ನೋಡಿ, ಕುರುಬನ ಹತ್ತಿರವೇ ಮಾತಾಡತೊಡಗುತ್ತಾನೆ. ಯೋಹಾನ 10ರಲ್ಲಿ ಯೇಸು ತಾನೇ ಆ ಒಳ್ಳೆಯ ಕುರುಬ ಅಂದದ್ದನ್ನು ನೆನಪಿಸಿ, ನೇರ ಹಾಡಿಗೆ ಹೋಗಿ.

ಎಲ್ಲರೂ ಆ ಮಾತು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಮನೆಯಲ್ಲಿ ಸಾವಾದವರು ಇರುತ್ತಾರೆ, ಮೊದಲ ಸಲ ಬಂದವರು ಇರುತ್ತಾರೆ. "ಹಾಡೋಕೆ ಆಗದಿದ್ದರೆ ಸುಮ್ನೆ ಕೇಳಿ, ಪರವಾಗಿಲ್ಲ" ಎಂದು ನಾನು ಮೊದಲೇ ಹೇಳಿಬಿಡುತ್ತೇನೆ. ಸಾಲುಗಳ ನಡುವೆ "ಕೈ ಎತ್ತಿ", "ಕಣ್ಣು ಮುಚ್ಚಿ" ಅನ್ನುವುದು ನನಗಂತೂ ಹಿಡಿಸದು. ಯಾರೋ ದೇವರ ಜೊತೆ ಮಾತಾಡುತ್ತಿರುವಾಗ ಮಧ್ಯೆ ಬಾಯಿ ಹಾಕಿದ ಹಾಗೆ, ಅಲ್ವಾ?

ಕೊನೆಯ ಪಲ್ಲವಿಗೆ ಡ್ರಮ್ಸ್, ಬೇಸ್ ನಿಲ್ಲಲಿ. ಕೀಬೋರ್ಡ್‌ನ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಮೆತ್ತನೆಯ ದನಿ) ಒಂದಿದ್ದರೆ ಸಾಕು. ಮೊದಲ ಪದ ಎತ್ತಿಕೊಟ್ಟು, ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಸಭೆಗೆ ತನ್ನ ದನಿ ತನಗೇ ಕೇಳಿಸಬೇಕು. ದನಿ ಸಣ್ಣಗಿದೆ ಅಂತ ಗಾಬರಿಯಾಗಿ ಮೈಕ್‌ಗೆ ವಾಪಸ್ ಓಡಬೇಡಿ. ಎರಡು ಸಾಲು ಕಾಯಿರಿ, ಸಾಮಾನ್ಯವಾಗಿ ಕೂಡಿಕೊಳ್ಳುತ್ತಾರೆ.

ಹಾಡಾದ ಮೇಲೆ ಪ್ರಾರ್ಥನೆ ಯಾರು ಶುರುಮಾಡಬೇಕು ಅನ್ನುವುದನ್ನು ಪಾಸ್ಟರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೀಬೋರ್ಡ್‌ನವರಿಗೂ ಅದು ಗೊತ್ತಿರಲಿ. ಪ್ರಕಟಣೆಗಳನ್ನು ಮಾತ್ರ ಅಲ್ಲಿಗೆ ತರಬೇಡಿ.