ಜರ್ಮನಿಯಲ್ಲಿ ಚಕ್ಕುಲಿ ಪ್ಯಾಕೆಟ್ ಮಾರುವುದು ಹೇಗೆ?

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಯಲ್ಲಿ ಗೋಕುಲಾಷ್ಟಮಿಗೆ ಕರಿದ ಚಕ್ಕುಲಿ, ಕೋಡುಬಳೆಗಳನ್ನು ತಿಂದವರು ‘ಇದನ್ನು ನೀವು ಮಾರಬಹುದಲ್ಲ’ ಎಂದು ಹೇಳದೆ ಏಳುವುದಿಲ್ಲ. ಆ ಮಾತನ್ನು ನಂಬಿ ಹೊರಟ ಕೆಲವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಚಕ್ಕುಲಿಯ ರುಚಿಗೆ ಯಾರೂ ಹೆಸರಿಡಲಿಲ್ಲ, ಆದರೆ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿ ತರಿಸಿಕೊಂಡ ಸಾವಿರಾರು ಕವರುಗಳು ಲೇಬಲ್ಲಿನ ತಪ್ಪಿನಿಂದಾಗಿ ಕಸದ ಬುಟ್ಟಿ ಸೇರಿದವು. ಆದ್ದರಿಂದ ಕವರಿನ ವಿನ್ಯಾಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ ಸುಲಭ. ಊರಿನ ವ್ಯಾಪಾರ ನೋಂದಣಿ ಕಚೇರಿಯಲ್ಲಿಯೂ ಆಹಾರ ಮೇಲ್ವಿಚಾರಣಾ ಕಚೇರಿಯಲ್ಲಿಯೂ ಹೆಸರು ನೋಂದಾಯಿಸಿ, ಆರೋಗ್ಯ ಇಲಾಖೆಯ ನೈರ್ಮಲ್ಯ ತಿಳಿವಳಿಕೆಯ ಪತ್ರವನ್ನು ಪಡೆದುಕೊಳ್ಳಿ. ಮನೆಯ ಅಡುಗೆಮನೆಗೆ ಒಪ್ಪಿಗೆ ಸಿಗುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾಯುವುದಕ್ಕಿಂತ, ಈಗಾಗಲೇ ಒಪ್ಪಿಗೆ ಪಡೆದಿರುವ ಅಡುಗೆಮನೆಯೊಂದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದೇ ಜಾಣತನ.

ಎರಡನೆಯದು ಸಾಮಗ್ರಿಯ ಆಯ್ಕೆ. ವನಸ್ಪತಿಯನ್ನು ಮರೆತುಬಿಡಿ. 2021ರ ಏಪ್ರಿಲ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಕೈಗಾರಿಕಾ ಟ್ರಾನ್ಸ್ ಕೊಬ್ಬು ಆಹಾರದ ಪ್ರತಿ 100 ಗ್ರಾಂ ಕೊಬ್ಬಿನಲ್ಲಿ 2 ಗ್ರಾಂ ಮೀರುವಂತಿಲ್ಲ. ಸೂರ್ಯಕಾಂತಿ ಎಣ್ಣೆಯೇ ಸಾಕು, ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಎಳ್ಳು ತರಿಸುವ ಅಭ್ಯಾಸವನ್ನೂ ಬಿಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಅನಿಲದ ಶೇಷ ಪತ್ತೆಯಾದ ಬಳಿಕ, ಯುರೋಪಿನಾದ್ಯಂತ ಎಳ್ಳು ಬೆರೆತ ಬ್ರೆಡ್ಡು, ಬಿಸ್ಕತ್ತುಗಳನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಎಳ್ಳಿಗೆ ಅಲ್ಲಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ. ಪ್ರಯೋಗಾಲಯದ ವರದಿಯನ್ನು ಕೊಡುವ ಸಗಟು ವ್ಯಾಪಾರಿಯಿಂದ ಮಾತ್ರ ಎಳ್ಳನ್ನು ಕೊಳ್ಳಿ. ತುಪ್ಪ ಮತ್ತು ಬೆಣ್ಣೆ ಬೇಕೆಂದರೆ ಜರ್ಮನಿಯಲ್ಲಿಯೇ ಕೊಳ್ಳಿ, ಏಕೆಂದರೆ ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ತರುವುದಕ್ಕೆ ಬೇರೆಯೇ ನಿಯಮಗಳಿವೆ.

ಇನ್ನು ಎಲ್ಲರೂ ಎಡವುವ ಮೂರನೆಯ ಹೆಜ್ಜೆ, ಲೇಬಲ್. ಇದನ್ನು ಆಳುವುದು ಒಕ್ಕೂಟದ 1169/2011 ಸಂಖ್ಯೆಯ ನಿಯಮ. ಅದರಲ್ಲಿ ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ಇರುವ ಧಾನ್ಯ, ಕಡಲೆಕಾಯಿ, ಎಳ್ಳು, ಸಾಸಿವೆ, ಹಾಲು, ಸೋಯಾ ಮುಂತಾದ 14 ಅಲರ್ಜಿಕಾರಕಗಳ ಪಟ್ಟಿಯಿದೆ. ಇವು ಪದಾರ್ಥಗಳ ಸಾಲಿನಲ್ಲಿ ದಪ್ಪ ಅಕ್ಷರದಲ್ಲೋ ಬೇರೆ ಬಣ್ಣದ ಹಿನ್ನೆಲೆಯಲ್ಲೋ ಎದ್ದು ಕಾಣಬೇಕು. ನಿಪ್ಪಟ್ಟಿನ ಕಡಲೆಕಾಯಿಯನ್ನೂ ಮಿಕ್ಸ್ಚರಿನ ಸಾಸಿವೆಯನ್ನೂ ಯಾರೂ ಮರೆಯುವುದಿಲ್ಲ, ಎಲ್ಲರೂ ಮರೆಯುವುದು ಇಂಗನ್ನು. ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಬಹುತೇಕ ಶುದ್ಧ ಇಂಗಲ್ಲ, ಅದಕ್ಕೆ ಗೋಧಿ ಹಿಟ್ಟನ್ನು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಮತ್ತು ಉದ್ದಿನ ಹಿಟ್ಟಿನಲ್ಲಿ ಮಾಡಿದ ಚಕ್ಕುಲಿಯಲ್ಲಿ ಗೋಧಿ ಎಲ್ಲಿಂದ ಬರಬೇಕು ಎಂದುಕೊಂಡು, ಕವರಿನ ಮೇಲೆ ಹೆಮ್ಮೆಯಿಂದ ‘ಗ್ಲುಟೆನ್‌ಮುಕ್ತ’ ಎಂದು ಬರೆಸಿದವರು ಕಾಲು ಚಮಚ ಇಂಗಿನಿಂದ ಸಿಕ್ಕಿಬಿದ್ದಿದ್ದಾರೆ. ಆ ಪದವನ್ನು ಬಳಸಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಮಸಾಲೆ ಮಿಶ್ರಣವು ಒಟ್ಟು ತೂಕದ ಶೇ 2ಕ್ಕಿಂತ ಕಡಿಮೆಯಿದ್ದರೆ ಅದರ ಒಳಪದಾರ್ಥಗಳನ್ನು ಬಿಡಿಸಿ ಬರೆಯಬೇಕಿಲ್ಲವೆಂಬ ವಿನಾಯಿತಿ ಇರುವುದು ನಿಜ, ಆದರೆ ಅಲರ್ಜಿಕಾರಕಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಕೊಂಡ ಪ್ರತಿ ಡಬ್ಬಿಯ ಹಿಂಬದಿಯ ಫೋಟೊ ತೆಗೆದಿಟ್ಟುಕೊಂಡು, ಲೇಬಲ್ ಬರೆಯುವಾಗ ಒಂದೊಂದನ್ನೂ ಮತ್ತೆ ಓದಿ. ಗೋಧಿ ಬೆರೆಯದ ಇಂಗು ಸಿಕ್ಕರೆ ದುಬಾರಿಯಾದರೂ ಅದನ್ನೇ ಕೊಳ್ಳುವುದು ಒಳ್ಳೆಯದು.

‘ಖಾದ್ಯ ತೈಲ’ ಎಂದಷ್ಟೇ ಬರೆದರೆ ನಡೆಯುವುದಿಲ್ಲ, ಯಾವ ಬೀಜದ ಅಥವಾ ಯಾವ ಮರದ ಎಣ್ಣೆಯೆಂದು ಹೇಳಲೇಬೇಕು. ಮುಂಬದಿಯಲ್ಲಿ ‘ಎಳ್ಳಿನ ಚಕ್ಕುಲಿ’ ಎಂದು ಮೆರೆಸಿದರೆ, ಎಳ್ಳು ಶೇಕಡಾ ಎಷ್ಟಿದೆಯೆಂದೂ ತಿಳಿಸಬೇಕು. ‘ಚಕ್ಕುಲಿ’ ಎಂಬ ಹೆಸರು ಜರ್ಮನ್ ಗ್ರಾಹಕನಿಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಅದರ ಜೊತೆಗೆ ‘ಅಕ್ಕಿ ಹಿಟ್ಟಿನ ಕರಿದ ತಿಂಡಿ’ ಎಂಬ ಅರ್ಥದ ಜರ್ಮನ್ ವಿವರಣೆ ಇರಬೇಕು. ಕಡ್ಡಾಯ ಮಾಹಿತಿಯ ಅಕ್ಷರಗಳು, ಸಣ್ಣ ‘ಎಕ್ಸ್’ ಅಕ್ಷರದ ಎತ್ತರವನ್ನು ಅಳತೆಗೆ ಹಿಡಿದರೆ, 1.2 ಮಿಲಿಮೀಟರ್‌ಗಿಂತ ಚಿಕ್ಕದಾಗಿರಬಾರದು. 50ರಿಂದ 200 ಗ್ರಾಂವರೆಗಿನ ಪ್ಯಾಕೆಟ್ಟಿನಲ್ಲಿ ತೂಕದ ಅಂಕಿ 3 ಮಿಲಿಮೀಟರ್ ಎತ್ತರವಿರಬೇಕು. ‘ತಯಾರಾದ ದಿನದಿಂದ ಆರು ತಿಂಗಳು’ ಎಂಬ ನಮ್ಮೂರಿನ ಪದ್ಧತಿಯನ್ನು ಬಿಟ್ಟು ನೇರವಾಗಿ ದಿನಾಂಕವನ್ನೇ ಅಚ್ಚು ಹಾಕಬೇಕು. ಬಾಳಿಕೆ 3 ತಿಂಗಳಿಗಿಂತ ಹೆಚ್ಚು, 18 ತಿಂಗಳೊಳಗೆ ಇದ್ದರೆ ತಿಂಗಳು ಮತ್ತು ವರ್ಷ ಸಾಕೆಂದು ನಿಯಮ ಹೇಳುತ್ತದೆ, ಆದರೆ ನನ್ನ ಮಾತು ಕೇಳುವುದಾದರೆ ದಿನವನ್ನೂ ಹಾಕಿ. ದಿನ ಮತ್ತು ತಿಂಗಳು ಇದ್ದರೆ ಬೇರೆಯಾಗಿ ಬ್ಯಾಚ್ ಸಂಖ್ಯೆ ಬೇಕಾಗುವುದಿಲ್ಲ.

ಪೋಷಕಾಂಶಗಳ ಪಟ್ಟಿಯಲ್ಲಿ ಮತ್ತೊಂದು ಗುಂಡಿಯಿದೆ. ಪ್ರಯೋಗಾಲಯಕ್ಕೆ ಕಳುಹಿಸದೆ, ಒಪ್ಪಿತ ಕೋಷ್ಟಕಗಳಿಂದ ಲೆಕ್ಕ ಹಾಕಿಯೂ ಈ ಪಟ್ಟಿಯನ್ನು ಬರೆಯಲು ಅವಕಾಶವಿದೆ. ಆದರೆ ಹೆಚ್ಚಿನವರು ಹಿಟ್ಟಿಗೆ ಕಾಯಿಸಿ ಹಾಕಿದ ಎಣ್ಣೆಯನ್ನು ಮಾತ್ರ ಎಣಿಸಿ, ಬಾಣಲೆಯಲ್ಲಿ ಚಕ್ಕುಲಿ ಹೀರಿದ ಎಣ್ಣೆಯನ್ನು ಬಿಟ್ಟುಬಿಡುತ್ತಾರೆ. ಕರಿಯುವ ಮೊದಲು ಮತ್ತು ನಂತರ ಎಣ್ಣೆಯನ್ನು ತೂಗಿ, ಸಿದ್ಧ ಚಕ್ಕುಲಿಯನ್ನೂ ತೂಗಿ. 2000 ಗ್ರಾಂ ಎಣ್ಣೆಯಲ್ಲಿ 1640 ಗ್ರಾಂ ಉಳಿದು, ಚಕ್ಕುಲಿ 1200 ಗ್ರಾಂ ಆದರೆ, ಪ್ರತಿ 100 ಗ್ರಾಂ ಚಕ್ಕುಲಿಯಲ್ಲಿ 30 ಗ್ರಾಂ ಕರಿದ ಎಣ್ಣೆಯೇ ಇದೆ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋಕ್ಯಾಲರಿಯಂತೆ, ಲೆಕ್ಕದಿಂದ ಬಿಟ್ಟುಹೋಗುವುದು 270 ಕಿಲೋಕ್ಯಾಲರಿ. ಬಾಣಲೆಯ ಉರಿ ಮತ್ತು ಹಿಟ್ಟಿನ ಹದ ಬದಲಾದಂತೆ ಈ ಅಂಕಿಯೂ ಬದಲಾಗುತ್ತದೆ, ಆದ್ದರಿಂದ ಮೂರು ಒಬ್ಬೆಗಳನ್ನು ತೂಗಿ ಸರಾಸರಿ ಹಿಡಿಯಿರಿ. ಭಾರತದ ಲೇಬಲ್ಲುಗಳಲ್ಲಿ ಸೋಡಿಯಂ ಬರೆಯುತ್ತಾರೆ, ಇಲ್ಲಿ ಉಪ್ಪನ್ನೇ ಬರೆಯಬೇಕು. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ. ತಾವೇ ತಯಾರಿಸಿ ಸ್ವಲ್ಪ ಪ್ರಮಾಣದಲ್ಲಿ ನೇರವಾಗಿ ಗ್ರಾಹಕರಿಗೋ ಹತ್ತಿರದ ಅಂಗಡಿಗೋ ಕೊಡುವವರಿಗೆ ಈ ಪಟ್ಟಿಯಿಂದ ವಿನಾಯಿತಿಯಿದೆ, ಆರಂಭದಲ್ಲಿ ಅದನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಕವರಿಗೂ ಒಂದು ನೋಂದಣಿ ಬೇಕೆಂಬುದು ಅನೇಕರಿಗೆ ತಿಳಿದೇ ಇರುವುದಿಲ್ಲ. 2019ರಿಂದ ಜಾರಿಯಲ್ಲಿರುವ ಪ್ಯಾಕೇಜಿಂಗ್ ಕಾನೂನಿನ ಪ್ರಕಾರ, ಮೊದಲ ಪ್ಯಾಕೆಟ್ಟನ್ನು ಮಾರುವ ಮುನ್ನವೇ ‘ಲೂಸಿಡ್’ ಎಂಬ ದಾಖಲೆಯಲ್ಲಿ ಹೆಸರು ಸೇರಿರಬೇಕು. ಅಲ್ಲಿ ನೋಂದಾಯಿಸಿಕೊಳ್ಳುವುದು ಉಚಿತ, ಆದರೆ ಕವರಿನ ತೂಕಕ್ಕೆ ತಕ್ಕಂತೆ ಮರುಬಳಕೆ ಸಂಸ್ಥೆಯೊಂದಕ್ಕೆ ಹಣ ಕಟ್ಟಬೇಕು. ನೂರೇ ಪ್ಯಾಕೆಟ್ ಮಾರಿದರೂ ಇದರಿಂದ ಬಿಡುಗಡೆಯಿಲ್ಲ. ದಂಡವು 2 ಲಕ್ಷ ಯೂರೋವರೆಗೂ ಹೋಗಬಹುದು.

ಅಂತರ್ಜಾಲದಲ್ಲಿ ಮಾರುವುದಾದರೆ ಬಾಳಿಕೆಯ ದಿನಾಂಕವೊಂದನ್ನು ಬಿಟ್ಟು ಕಡ್ಡಾಯ ಮಾಹಿತಿಯೆಲ್ಲವೂ ಗ್ರಾಹಕ ಹಣ ಕಟ್ಟುವ ಮೊದಲೇ ಕಾಣಬೇಕು. 150 ಗ್ರಾಂಗೆ 3 ಯೂರೋ ಎಂದರೆ ಸಾಲದು, ಪಕ್ಕದಲ್ಲಿಯೇ ಕಿಲೋಗೆ 20 ಯೂರೋ ಎಂದೂ ನಮೂದಿಸಬೇಕು. ಪ್ರತಿ ಒಬ್ಬೆಯಿಂದ ಎರಡು ಪ್ಯಾಕೆಟ್ಟುಗಳನ್ನು ಅವುಗಳ ಬಾಳಿಕೆ ಮುಗಿಯುವವರೆಗೆ ಎತ್ತಿಡಿ. ಹಿಟ್ಟು, ಎಳ್ಳು, ಇಂಗು, ಎಣ್ಣೆಗಳ ರಸೀದಿಗಳನ್ನು ಅದೇ ದಿನಾಂಕ ಬರೆದ ಲಕೋಟೆಯಲ್ಲಿ ಹಾಕಿಡಿ. ತಪಾಸಣೆಗೆ ಬರುವ ಅಧಿಕಾರಿ ಯಾರಿಂದ ಕೊಂಡಿರಿ, ಯಾವ ಅಂಗಡಿಗೆ ಕೊಟ್ಟಿರಿ ಎಂದು ಕೇಳಿದಾಗ ಆ ಲಕೋಟೆಯನ್ನೇ ಮುಂದಿಡಬಹುದು.