ಕೆಲಸದ ಓಡಾಟದಲ್ಲೇ ಒಂದು ಬೇಸಿಗೆ ಟಾಪ್ ಹೆಣೆಯಿರಿ

ಕೆಲಸಕ್ಕೆಂದು ಊರೂರು ತಿರುಗುವವರಿಗೆ ಬಿಡುವಿಲ್ಲ ಅಂತೀವಿ. ಆದರೆ ರೈಲಿನಲ್ಲಿ ಎರಡು ಗಂಟೆ, ವಿಮಾನಕ್ಕೆ ಕಾಯುತ್ತ ಒಂದು ಗಂಟೆ, ರಾತ್ರಿ ಹೋಟೆಲ್ ಕೋಣೆಯಲ್ಲಿ ಅರ್ಧ ಗಂಟೆ ಸುಮ್ನೆ ಕೂತೇ ಇರುತ್ತೇವೆ ಅಲ್ವಾ? ಆಗ ಕೈ ಖಾಲಿ ಇರುತ್ತದೆ, ತಲೆ ಮಾತ್ರ ಖಾಲಿ ಇರುವುದಿಲ್ಲ. ಅದಕ್ಕೇ ನಾನು ಹೆಣಿಗೆಯ ಕೆಲಸವನ್ನು ಹೀಗೆ ಹಂಚಿಕೊಂಡಿದ್ದೇನೆ: ಲೆಕ್ಕ ಮನೆಯಲ್ಲಿ, ಸುತ್ತು ದಾರಿಯಲ್ಲಿ, ಕತ್ತು ಮತ್ತು ಕಂಕುಳಿನ ಕೆಲಸ ಕೋಣೆಯಲ್ಲಿ.

ಇದು ತೋಳಿಲ್ಲದ ಟಾಪ್. ಕೆಳಗಿನಿಂದ ಕಂಕುಳಿನವರೆಗೆ ಕೊಳವೆಯ ಹಾಗೆ ಹೆಣೆದು, ಮೇಲೆ ಹಿಂಭಾಗ, ಮುಂಭಾಗ ಬೇರೆ ಮಾಡುವುದು.

ನೂಲು, ಕಡ್ಡಿ

ಮಧ್ಯಮ ದಪ್ಪದ ಹತ್ತಿ ನೂಲು ಇರಲಿ, ಅಥವಾ ಹತ್ತಿ ಮತ್ತು ಲಿನನ್ ಬೆರೆತದ್ದು. 500ರಿಂದ 600 ಮೀಟರ್ ಬೇಕಾದೀತು. ಕಡ್ಡಿ 4 ಮಿ.ಮೀ., ಎರಡು ತುದಿಗಳ ನಡುವೆ ಬಳುಕುವ ದಾರವಿರುವ ಸರ್ಕ್ಯುಲರ್, 80 ಸೆಂ.ಮೀ. ಉದ್ದದ್ದು. ಇದಾದರೆ ಪಕ್ಕದ ಸೀಟಿನವರಿಗೆ ಮೊಣಕೈ ತಾಗುವುದಿಲ್ಲ, ಒಂದು ಕಡ್ಡಿ ಕೆಳಗೆ ಬಿದ್ದು ಕಳೆದುಹೋಗುವ ಭಯವೂ ಇಲ್ಲ. ಬಿದಿರಿನದಾದರೆ ಇನ್ನೂ ಒಳ್ಳೆಯದು. ಸದ್ದಿಲ್ಲ, ಕುಣಿಕೆ ಜಾರುವುದೂ ಕಡಿಮೆ.

ಅಳತೆಯ ತುಂಡು

ದಯವಿಟ್ಟು ಇದನ್ನು ಬಿಡಬೇಡಿ. ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ. ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಅಂಗೈಗಿಂತ ದೊಡ್ಡದೊಂದು ಚೌಕ ಹೆಣೆದು, ಒಗೆದು, ಕೆಳಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಒಂದು ರಾತ್ರಿ ತೂಗುಹಾಕಿ. ಆಮೇಲೆ ಅಳೆಯಿರಿ.

ನಿಮಗೆ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಬಂತು ಎನ್ನಿ. ಎದೆಸುತ್ತಳತೆ 92 ಇದ್ದರೆ ಗಾಳಿಯಾಡಲು 8 ಸೇರಿಸಿ 100 ಮಾಡಿ. 100 ಸೆಂ.ಮೀ.ಗೆ 220 ಕುಣಿಕೆ. ನಿಮ್ಮ ತುಂಡಿನಲ್ಲಿ ಬೇರೆ ಸಂಖ್ಯೆ ಬಂದರೆ ಅದನ್ನೇ ಹಿಡಿದು ಲೆಕ್ಕ ಹಾಕಿ. ಲೆಕ್ಕವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹೊರಡುವ ಮುನ್ನ

220 ಕುಣಿಕೆ ಮನೆಯಲ್ಲೇ ಕಡ್ಡಿಗೆ ಏರಿಸಿ, ಮನೆಯಲ್ಲೇ ಎರಡು ತುದಿ ಸೇರಿಸಿ ವೃತ್ತ ಮಾಡಿ. ಒಮ್ಮೆ ನಾನು ಅವಸರದಲ್ಲಿ ಬಸ್ಸಿನಲ್ಲಿ ಸೇರಿಸಿದೆ. ಹತ್ತು ಸುತ್ತು ಆದಮೇಲೆ ನೋಡಿದರೆ ಇಡೀ ಪಟ್ಟಿ ಒಂದು ಮಡಿಕೆ ತಿರುಚಿಕೊಂಡಿತ್ತು. ಅದು ಸರಿಯಾಗುವ ತಪ್ಪಲ್ಲ. ಪೂರ್ತಿ ಬಿಚ್ಚಬೇಕಾಯಿತು. ಈಗ ಕಡ್ಡಿಯನ್ನು ಮೇಜಿನ ಮೇಲೆ ವೃತ್ತವಾಗಿ ಹರಡುತ್ತೇನೆ. ಕುಣಿಕೆಗಳ ಬುಡದ ಗಂಟಿನ ಸಾಲು ಒಂದೇ ಸಮನೆ ಒಳಮುಖವಾಗಿ ಕಾಣುತ್ತದೆಯೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಸೇರಿಸುತ್ತೇನೆ.

ಮೊದಲ ಎಂಟು ಸುತ್ತನ್ನು ಒಂದು ಸುತ್ತು ಸೀದಾ (ನಿಟ್), ಒಂದು ಸುತ್ತು ಉಲ್ಟಾ (ಪರ್ಲ್) ಹೆಣೆದರೆ ಅಂಚು ಸುರುಳಿಯಾಗುವುದಿಲ್ಲ. ಸುತ್ತು ಶುರುವಾಗುವಲ್ಲಿ ಒಂದು ಗುರುತಿನ ರಿಂಗ್, 110 ಕುಣಿಕೆಗೆ ಇನ್ನೊಂದು. ಇಷ್ಟಾದರೆ ಚೀಲಕ್ಕೆ ಹಾಕಬಹುದು.

ದಾರಿಯಲ್ಲಿ

ಇನ್ನು ಬರೀ ಸೀದಾ ಸುತ್ತು, ಕಂಕುಳಿನವರೆಗೆ 30 ಸೆಂ.ಮೀ., ಅಂದರೆ ಅಂಚೂ ಸೇರಿ ಸುಮಾರು 90 ಸುತ್ತು. ನನ್ನ ಕೈಗೆ ಒಂದು ಸುತ್ತಿಗೆ ಎಂಟು ನಿಮಿಷ ಬೇಕು. ಒಟ್ಟು 12 ಗಂಟೆಯ ಹೆಣಿಗೆ, ಎರಡು ಮೂರು ಪ್ರವಾಸಕ್ಕೆ ಸಾಕಾಗುತ್ತದೆ. ನೋಡದೇ ಹೆಣೆಯಬಹುದು, ಮಾತಾಡುತ್ತಲೂ ಹೆಣೆಯಬಹುದು. ದಿನವೆಲ್ಲ ಲೆಕ್ಕಪತ್ರ ನೋಡಿ ದಣಿದ ಕಣ್ಣಿಗೆ ಈ ಭಾಗ ಎಷ್ಟು ಹಿತ ಅನ್ನುವುದನ್ನು ಅನುಭವಿಸಿಯೇ ತಿಳಿಯಬೇಕು.

ಉಂಡೆಯನ್ನು ಬಾಯಿ ಬಿಗಿಯುವ ಬಟ್ಟೆ ಚೀಲದಲ್ಲಿಡಿ, ಸೀಟಿನ ಅಡಿಗೆ ಉರುಳುವುದಿಲ್ಲ. ಹೊಸ ಉಂಡೆಯನ್ನು ಪಕ್ಕದ ರಿಂಗಿನ ಹತ್ತಿರವೇ ಸೇರಿಸಿ. ಉಣ್ಣೆಯಾದರೆ ತುದಿಗಳನ್ನು ಒದ್ದೆ ಮಾಡಿ ಉಜ್ಜಿ ಕೂಡಿಸಬಹುದು. ಹತ್ತಿ ಹಾಗೆ ಕೂಡುವುದಿಲ್ಲ. ಎರಡೂ ತುದಿಯಲ್ಲಿ ಗೇಣುದ್ದ ಬಿಟ್ಟು, ಕೊನೆಗೆ ಒಳಗೆ ಸೇರಿಸಿ ಹೊಲಿಯಬೇಕು. ಹತ್ತಿ ಮಣಿಕಟ್ಟಿಗೂ ಜಾಸ್ತಿ ಕೆಲಸ ಕೊಡುತ್ತದೆ. ಅರ್ಧ ಗಂಟೆಗೊಮ್ಮೆ ಕೈ ಬಿಡಿ.

ವಿಮಾನದಲ್ಲಿ ಹೋಗುವವರು ಕಡ್ಡಿ ಒಯ್ಯಬಹುದೇ ಎಂದು ಮೊದಲೇ ವಿಚಾರಿಸಿ. ಹಲವು ಕಡೆ ಬಿಡುತ್ತಾರೆ, ಆದರೆ ಕೊನೆಯ ಮಾತು ತಪಾಸಣೆಯವರದ್ದು. ಹಾಗಾಗಿ ಹೊರಡುವ ಮುನ್ನ ಸೂಜಿಯಿಂದ ಎಲ್ಲ ಕುಣಿಕೆಗಳೊಳಗೆ ಬೇರೆ ಬಣ್ಣದ ದಾರವೊಂದನ್ನು ಪೋಣಿಸಿಡಿ. ಕಡ್ಡಿ ಹೋದರೂ ಒಂದು ಕುಣಿಕೆಯೂ ಬಿಚ್ಚುವುದಿಲ್ಲ.

ಕೋಣೆಯಲ್ಲಿ

ಮೇಲ್ಭಾಗಕ್ಕೆ ದೀಪ, ಮೇಜು, ಮೌನ ಬೇಕು. ಪ್ರತಿ ರಿಂಗಿನ ಎರಡೂ ಪಕ್ಕ ಆರಾರು ಕುಣಿಕೆ ಮುಚ್ಚಿ, ಅಂದರೆ ಬಿಚ್ಚದಂತೆ ಹೆಣೆದು ಕಡ್ಡಿಯಿಂದ ಇಳಿಸಿ. ಹಿಂದೆ, ಮುಂದೆ ತಲಾ 98 ಉಳಿಯುತ್ತವೆ. ಮುಂಭಾಗವನ್ನು ದಾರಕ್ಕೆ ಪೋಣಿಸಿಟ್ಟು ಹಿಂಭಾಗ ಹೆಣೆಯಿರಿ, ಒಂದು ಸಾಲು ಸೀದಾ, ಒಂದು ಉಲ್ಟಾ. ಸಾಲು ಬಿಟ್ಟು ಸಾಲು ಎರಡೂ ತುದಿಯಲ್ಲಿ ಒಂದೊಂದು ಕಡಿಮೆ ಮಾಡಿ, ಎಂಟು ಸಲ. 82 ಆಯಿತು. ಮುಚ್ಚಿದಲ್ಲಿಂದ 20 ಸೆಂ.ಮೀ. ಆಗುವವರೆಗೆ ನೇರವಾಗಿ ಹೋಗಿ. ನಡುವಿನ 42 ಮುಚ್ಚಿದರೆ ಭುಜಕ್ಕೆ ಇಪ್ಪತ್ತಿಪ್ಪತ್ತು ಉಳಿಯುತ್ತವೆ.

ಮುಂಭಾಗವೂ ಹೀಗೆಯೇ, ಆದರೆ ಭುಜಕ್ಕೆ 10 ಸೆಂ.ಮೀ. ಇರುವಾಗಲೇ ನಡುವಿನ 26 ಮುಚ್ಚಿ. ಒಂದೊಂದು ಬದಿಯನ್ನು ಬೇರೆಬೇರೆಯಾಗಿ ಹೆಣೆಯುತ್ತ, ಕತ್ತಿನ ಕಡೆ ಸಾಲು ಬಿಟ್ಟು ಸಾಲು ಎಂಟು ಸಲ ಕಡಿಮೆ ಮಾಡಿ. ಅಲ್ಲೂ ಇಪ್ಪತ್ತು ಉಳಿಯುತ್ತವೆ.

ಇನ್ನು ಭುಜ. ಟಾಪನ್ನು ಒಳಮಗ್ಗುಲು ಮಾಡಿ, ಹಿಂದಿನ ಮತ್ತು ಮುಂದಿನ ಕಡ್ಡಿ ಜೋಡಿಸಿ ಹಿಡಿದು, ಮೂರನೇ ಕಡ್ಡಿಯಿಂದ ಎರಡೂ ಕಡೆಯ ಒಂದೊಂದು ಕುಣಿಕೆ ಸೇರಿಸಿ ಹೆಣೆಯುತ್ತ ಮುಚ್ಚಿ. ಇಲ್ಲಿ ಗಟ್ಟಿ ಅಂಚು ಬೇಕೇ ಬೇಕು. ಇಡೀ ಟಾಪಿನ ಭಾರ ಹೊರುವುದು ಇದೇ.

ಕತ್ತು, ತೋಳಿನ ಸುತ್ತ ಕ್ರೋಶಾದಲ್ಲಿ ಒಂದೊಂದು ಸುತ್ತು ಸಡಿಲವಾಗಿ ಹಾಕಿ, ಬಿಗಿಯಾದರೆ ತಲೆ ತೂರುವುದು ಕಷ್ಟ. ಒಗೆದಮೇಲೆ ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಟ್ಟಸವಾಗಿ ಹರಡಿ ಒಣಗಿಸಿ. ಹ್ಯಾಂಗರಿಗೆ ಹಾಕಬೇಡಿ. ಮುಂದಿನ ಪ್ರವಾಸಕ್ಕೂ ಇದನ್ನು ಮಡಚಿಯೇ ಸೂಟ್‌ಕೇಸಿನಲ್ಲಿಡಿ.